ವಿತರಿತ ದ್ಯುತಿತಂತು ಸಂವೇದನೆ

ವಿತರಿತ ದ್ಯುತಿತಂತು ಸಂವೇದನೆ ಎಂಬುದು, ಸಾಮಾನ್ಯವಾಗಿ ಆಪ್ಟಿಕಲ್ ಫೈಬರ್ ಎಂದು ಕರೆಯಲಾಗುವ ಗಾಜಿನ ತಂತುವನ್ನು ಅದರ ಉದ್ದಕ್ಕೂ ಅಳತೆಯ ಸಾಧನವಾಗಿ ಬಳಸುವ ತಂತ್ರವಾಗಿದೆ. ತಂತುವಿನ ಒಂದು ತುದಿಯಿಂದ ಲೇಸರ್ ಬೆಳಕಿನ ಕಿರುಮಿಡಿತಗಳನ್ನು ಕಳುಹಿಸಿ, ಗಾಜಿನೊಳಗೆ ಚದುರಿ ಅದೇ ತುದಿಗೆ ಹಿಂದಿರುಗುವ ಅತ್ಯಲ್ಪ ಬೆಳಕನ್ನು ವಿಶ್ಲೇಷಿಸಲಾಗುತ್ತದೆ. ಇದರಿಂದ ಹತ್ತಾರು ಕಿಲೋಮೀಟರ್ ದೂರದವರೆಗೆ, ಸುಮಾರು ಒಂದು ಮೀಟರಿನಿಂದ ಹತ್ತು ಮೀಟರಿಗೊಮ್ಮೆ, ತಂತುವಿನ ತಾಪಮಾನವನ್ನೋ ಹಿಗ್ಗು-ಕುಗ್ಗನ್ನೋ ಕಂಪನವನ್ನೋ ತಿಳಿಯಬಹುದು. ತಂತುವಿನ ದಾರಿಯಲ್ಲಿ ವಿದ್ಯುತ್ತು ಬೇಕಾಗಿಲ್ಲ. ಪ್ರತ್ಯೇಕ ಸಂವೇದಕಗಳನ್ನೂ ಅಳವಡಿಸಬೇಕಾಗಿಲ್ಲ. ಎಲೆಕ್ಟ್ರಾನಿಕ್ ಭಾಗಗಳೆಲ್ಲ ಒಂದು ತುದಿಯಲ್ಲಿರುವ ಪೆಟ್ಟಿಗೆಯೊಂದರಲ್ಲೇ ಇರುತ್ತವೆ. ಈ ಪೆಟ್ಟಿಗೆಗೆ ಇಂಟರಾಗೇಟರ್ ಎಂದು ಹೆಸರು.

ಸುರಂಗಗಳಲ್ಲಿ ಬೆಂಕಿಯ ಪತ್ತೆ, ಭೂಗತ ವಿದ್ಯುತ್ ಕೇಬಲ್‌ಗಳ ಬಿಸಿಯ ಅಳತೆ, ತೈಲಬಾವಿಗಳ ನಿರ್ವಹಣೆ, ಕೊಳವೆಮಾರ್ಗಗಳ ಕಾವಲು, ಅಣೆಕಟ್ಟುಗಳ ಸೋರಿಕೆಯ ಶೋಧನೆ ಇವು ಇದರ ರೂಢಿಗತ ಬಳಕೆಗಳು. ಕಳೆದ ಹತ್ತು ವರ್ಷಗಳಿಂದೀಚೆಗೆ ಭೂಕಂಪ ಮತ್ತು ಜ್ವಾಲಾಮುಖಿಗಳ ಅಧ್ಯಯನದಲ್ಲಿಯೂ ಇದು ಮುಖ್ಯ ಸ್ಥಾನ ಪಡೆದಿದೆ. ದೂರಸಂಪರ್ಕಕ್ಕಾಗಿ ಈಗಾಗಲೇ ನೆಲದಡಿಯಲ್ಲಿಯೂ ಸಮುದ್ರತಳದಲ್ಲಿಯೂ ಹಾಸಿರುವ ತಂತುಗಳನ್ನೇ ಇದಕ್ಕೆ ಬಳಸಬಹುದಾಗಿರುವುದು ಇದಕ್ಕೆ ಕಾರಣ.

ತತ್ತ್ವ

ದೂರಸಂಪರ್ಕದಲ್ಲಿ ಬಳಸುವ ಏಕವಿಧಾನ ತಂತುವಿನ ಒಟ್ಟು ವ್ಯಾಸ 125 ಮೈಕ್ರೊಮೀಟರ್. ಅದರ ನಡುವೆ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರೊಮೀಟರ್ ಮಾತ್ರ. ತಿರುಳಿನ ವಕ್ರೀಭವನ ಸೂಚ್ಯಂಕವು ಸುತ್ತಲಿನ ಹೊದಿಕೆಯದಕ್ಕಿಂತ ಸ್ವಲ್ಪ ಹೆಚ್ಚಾಗಿರುವುದರಿಂದ ಬೆಳಕು ಹೊರಗೆ ಹೋಗದೆ ಒಳಗೇ ಉಳಿದು ಮುಂದೆ ಸಾಗುತ್ತದೆ. ಆದರೂ ಸ್ವಲ್ಪ ಬೆಳಕು ದಾರಿಯಲ್ಲಿ ನಷ್ಟವಾಗುತ್ತದೆ. 1550 ನ್ಯಾನೊಮೀಟರ್ ತರಂಗದೂರದಲ್ಲಿ ಈ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ಗಾಜನ್ನು ಎಷ್ಟೇ ಶುದ್ಧಗೊಳಿಸಿದರೂ ಇದನ್ನು ಪೂರ್ತಿ ನಿವಾರಿಸಲಾಗದು. ಏಕೆಂದರೆ ಇದರ ಬಹುಪಾಲು ಕಾರಣ ಕಲ್ಮಶವಲ್ಲ. ಕರಗಿದ ಗಾಜು ತಣಿದು ಗಟ್ಟಿಯಾಗುವಾಗ ಅದರ ಸಾಂದ್ರತೆಯಲ್ಲಿದ್ದ ಅತಿ ಸೂಕ್ಷ್ಮ ಏರಿಳಿತಗಳು ಹಾಗೆಯೇ ಹೆಪ್ಪುಗಟ್ಟುತ್ತವೆ. ಆ ಏರಿಳಿತಗಳಿಗೆ ತಾಗಿದ ಬೆಳಕು ಎಲ್ಲ ದಿಕ್ಕುಗಳಿಗೂ ಚದುರುತ್ತದೆ. ಚದುರಿದ ಬೆಳಕಿನ ಒಂದು ಕಿರುಪಾಲು ತಂತುವಿನೊಳಗೇ ಸಿಕ್ಕಿಕೊಂಡು ಹೊರಟಲ್ಲಿಗೆ ಮರಳುತ್ತದೆ. ಸಂಪರ್ಕ ಇಂಜಿನಿಯರುಗಳ ಪಾಲಿಗೆ ನಷ್ಟವಾಗಿರುವ ಈ ಬೆಳಕೇ ಸಂವೇದನೆಯ ಬಂಡವಾಳ.

ಮರಳಿದ ಬೆಳಕು ಯಾವ ಜಾಗದಿಂದ ಬಂದಿತೆಂಬುದನ್ನು ಅದು ತೆಗೆದುಕೊಂಡ ಸಮಯದಿಂದ ಲೆಕ್ಕ ಹಾಕಲಾಗುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಒಂದು ಮೀಟರ್ ಹೋಗಿ ಹಿಂದಿರುಗಲು 10 ನ್ಯಾನೊಸೆಕೆಂಡ್ ಬೇಕು. ಆದ್ದರಿಂದ 10 ನ್ಯಾನೊಸೆಕೆಂಡ್ ಅವಧಿಯ ಮಿಡಿತವನ್ನು ಕಳುಹಿಸಿದರೆ ತಂತುವನ್ನು ಒಂದೊಂದು ಮೀಟರಿನ ತುಂಡುಗಳಂತೆ ಬೇರೆಬೇರೆಯಾಗಿ ಓದಬಹುದು. ಬಾವಿಯೊಳಕ್ಕೆ ಕೂಗಿ ಮರುದನಿಗೆ ಕಿವಿಗೊಡುವುದಕ್ಕೆ ಇದನ್ನು ಹೋಲಿಸಬಹುದಾದರೂ ಒಂದು ವ್ಯತ್ಯಾಸವಿದೆ. ಇಲ್ಲಿ ಮರುದನಿ ತಳದಿಂದ ಮಾತ್ರವಲ್ಲ, ದಾರಿಯ ಪ್ರತಿಯೊಂದು ಬಿಂದುವಿನಿಂದಲೂ ಬರುತ್ತದೆ.

ಹೀಗೆ ಬರುವ ಬೆಳಕು ಅತ್ಯಂತ ಕ್ಷೀಣವಾದುದು. ಒಂದು ಮೀಟರ್ ತಂತುವಿನಿಂದ ಹಿಂದಿರುಗುವುದು, ಕಳುಹಿಸಿದ ಬೆಳಕಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ದೂರ ಹೆಚ್ಚಿದಂತೆ ಅದು ಇನ್ನಷ್ಟು ಕುಗ್ಗುತ್ತದೆ. 50 ಕಿಲೋಮೀಟರ್ ದೂರದ ಬಿಂದುವಿನವರೆಗೆ ಹೋಗಿಬರುವಷ್ಟರಲ್ಲಿ ಒಟ್ಟು 20 ಡೆಸಿಬೆಲ್, ಅಂದರೆ ನೂರು ಪಟ್ಟು ನಷ್ಟವಾಗಿರುತ್ತದೆ. ಮಿಡಿತವನ್ನು ಉದ್ದಗೊಳಿಸಿದರೆ ಬೆಳಕು ಹೆಚ್ಚು ಸಿಗುತ್ತದೆ, ಆದರೆ ಸ್ಥಳದ ನಿಖರತೆ ಕೆಡುತ್ತದೆ. ಮಿಡಿತದ ತೀವ್ರತೆಯನ್ನೇ ಹೆಚ್ಚಿಸಿದರೆ ಗಾಜಿನಲ್ಲಿ ಬೇರೆ ಅನಪೇಕ್ಷಿತ ಪರಿಣಾಮಗಳು ತಲೆದೋರುತ್ತವೆ. ದೂರ, ನಿಖರತೆ, ವೇಗ ಈ ಮೂರನ್ನೂ ಒಟ್ಟಿಗೆ ಗಳಿಸಲಾಗದು ಎಂಬುದು ಈ ಕ್ಷೇತ್ರದ ಎಲ್ಲ ಉಪಕರಣಗಳಿಗೂ ಅನ್ವಯಿಸುವ ಮಾತು.

ಚದುರಿಕೆಯ ಮೂರು ಬಗೆಗಳು

ಹಿಂದಿರುಗಿದ ಬೆಳಕಿನಲ್ಲಿ ಮೂರು ಬಗೆಯ ಚದುರಿಕೆ ಬೆರೆತಿರುತ್ತದೆ. ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಯಾವ ಪರಿಮಾಣವನ್ನು ಅಳೆಯಬಹುದು ಎಂಬುದು ನಿರ್ಧಾರವಾಗುತ್ತದೆ.

ರಾಮನ್ ಚದುರಿಕೆಯಲ್ಲಿ ಬೆಳಕು ಗಾಜಿನ ಅಣುಗಳ ಕಂಪನದೊಂದಿಗೆ ಶಕ್ತಿಯನ್ನು ವಿನಿಮಯ ಮಾಡಿಕೊಂಡು ತನ್ನ ಬಣ್ಣವನ್ನು ಬದಲಿಸುತ್ತದೆ. 1550 ನ್ಯಾನೊಮೀಟರಿನ ಬೆಳಕನ್ನು ಕಳುಹಿಸಿದರೆ ಸುಮಾರು 1450ರ ಬಳಿ ಒಂದು, 1660ರ ಬಳಿ ಇನ್ನೊಂದು ಕ್ಷೀಣ ಬೆಳಕು ಹುಟ್ಟುತ್ತದೆ. ಇವುಗಳಲ್ಲಿ ಕಡಿಮೆ ತರಂಗದೂರದ್ದು ಗಾಜಿನಲ್ಲಿ ಮೊದಲೇ ಇದ್ದ ಉಷ್ಣಶಕ್ತಿಯನ್ನು ಪಡೆದು ಹುಟ್ಟುವಂಥದು. ಹೀಗಾಗಿ ಗಾಜು ಬಿಸಿಯಾದಂತೆ ಅದು ಹೆಚ್ಚುತ್ತದೆ. ಸಾಧಾರಣ ತಾಪಮಾನದಲ್ಲಿ ಈ ಹೆಚ್ಚಳ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.8. ಎರಡರ ತೀವ್ರತೆಯ ಅನುಪಾತದಿಂದ ತಾಪಮಾನವನ್ನು ಪಡೆಯಲಾಗುತ್ತದೆ. ತಂತುವನ್ನು ಎಳೆದರೂ ಹಿಚುಕಿದರೂ ಅನುಪಾತ ಹೆಚ್ಚುಕಡಿಮೆ ಬದಲಾಗದಿರುವುದು ಈ ವಿಧಾನದ ದೊಡ್ಡ ಗುಣ. ಸರ್ ಸಿ. ವಿ. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಡನೆ ಕಲ್ಕತ್ತೆಯಲ್ಲಿ 1928ರಲ್ಲಿ ಕಂಡುಕೊಂಡ ಈ ಪರಿಣಾಮವನ್ನು ಬೆಂಗಳೂರಿನೊಂದಿಗೆ ಕೂಡಿಸಿ ನೆನೆಯುವುದು ವಾಡಿಕೆ. ಆದರೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದದ್ದು 1933ರಲ್ಲಿ.

ಬ್ರಿಲ್ವಾ ಚದುರಿಕೆಯನ್ನು ಫ್ರಾನ್ಸಿನ ಲಿಯೋನ್ ಬ್ರಿಲ್ವಾ 1922ರಲ್ಲಿ ಸೈದ್ಧಾಂತಿಕವಾಗಿ ವಿವರಿಸಿದರು. ಗಾಜಿನಲ್ಲಿ ಸದಾ ಸಂಚರಿಸುತ್ತಿರುವ ಧ್ವನಿತರಂಗಗಳಿಗೆ ತಾಗಿ ಹಿಂದಿರುಗುವ ಬೆಳಕಿನ ಆವೃತ್ತಿಯು ಸುಮಾರು 11 ಗಿಗಾಹರ್ಟ್ಸ್‌ನಷ್ಟು ಸರಿದಿರುತ್ತದೆ. ಈ ಸರಿತವು ತಾಪಮಾನ ಒಂದು ಡಿಗ್ರಿ ಏರಿದರೆ ಸುಮಾರು 1 ಮೆಗಾಹರ್ಟ್ಸ್ ಬದಲಾಗುತ್ತದೆ. ತಂತು ತನ್ನ ಉದ್ದದ ದಶಲಕ್ಷದಲ್ಲಿ 20 ಭಾಗದಷ್ಟು ಹಿಗ್ಗಿದರೂ ಅಷ್ಟೇ ಬದಲಾಗುತ್ತದೆ. ಉದ್ದದ ದಶಲಕ್ಷದಲ್ಲೊಂದು ಭಾಗದ ಹಿಗ್ಗುವಿಕೆಗೆ ಒಂದು ಮೈಕ್ರೊಸ್ಟ್ರೇನ್ ಎನ್ನುತ್ತಾರೆ. ಅಂದರೆ ಒಂದು ಡಿಗ್ರಿ ಬಿಸಿಯೂ 20 ಮೈಕ್ರೊಸ್ಟ್ರೇನ್ ಎಳೆತವೂ ಉಪಕರಣಕ್ಕೆ ಒಂದೇ ರೀತಿ ಕಾಣಿಸುತ್ತವೆ.

ಮೂರನೆಯದಾದ ರ್‍ಯಾಲೆ ಚದುರಿಕೆ, ಆಕಾಶದ ನೀಲಿಗೆ ಕಾರಣವಾದ ಅದೇ ವಿದ್ಯಮಾನ. ಇಲ್ಲಿ ಬೆಳಕಿನ ಬಣ್ಣ ಬದಲಾಗುವುದಿಲ್ಲ. ಮೂರರಲ್ಲಿ ಇದೇ ಅತ್ಯಂತ ಪ್ರಬಲವಾದುದು; ರಾಮನ್ ಬೆಳಕು ಇದಕ್ಕಿಂತ ಸುಮಾರು ಸಾವಿರ ಪಟ್ಟು ಕ್ಷೀಣ. ಗಾಜು ತಣಿದಾಗ ಹೆಪ್ಪುಗಟ್ಟಿದ ಏರಿಳಿತಗಳ ವಿನ್ಯಾಸ ಪ್ರತಿಯೊಂದು ತಂತುವಿಗೂ ಬೆರಳಚ್ಚಿನಂತೆ ಬೇರೆ. ಒಂದೇ ಶುದ್ಧ ಆವೃತ್ತಿಯ ಲೇಸರನ್ನು ಬಳಸಿದರೆ, ತಂತುವಿನ ಎರಡು ಬಿಂದುಗಳಿಂದ ಮರಳಿದ ಬೆಳಕಿನ ಅಲೆಗಳ ಪ್ರಾವಸ್ಥೆಯನ್ನು ಹೋಲಿಸಬಹುದು. ಆ ಬಿಂದುಗಳ ನಡುವಿನ ಗಾಜು ಹಿಗ್ಗಿದರೆ ಪ್ರಾವಸ್ಥೆಯ ಅಂತರವೂ ಬದಲಾಗುತ್ತದೆ. 10 ಮೀಟರ್ ಅಂತರದಲ್ಲಿ 10 ನ್ಯಾನೊಮೀಟರ್ ಹಿಗ್ಗಿದರೂ, ಅಂದರೆ ಶತಕೋಟಿಯಲ್ಲೊಂದು ಭಾಗ ಬದಲಾದರೂ, ಅದು ಗೋಚರಿಸುತ್ತದೆ. ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಹೀಗೆ ಓದಿದಾಗ ತಂತುವಿನ ಮೇಲಾಗುವ ಕಂಪನಗಳ ಸಂಪೂರ್ಣ ದಾಖಲೆ ದೊರೆಯುತ್ತದೆ. ಇದನ್ನು ವಿತರಿತ ಧ್ವನಿ ಸಂವೇದನೆ ಎಂದು ಕರೆಯುತ್ತಾರೆ. ಹೆಸರಿನಲ್ಲಿ ಧ್ವನಿ ಇದ್ದರೂ ಅಳೆಯುವುದು ಗಾಳಿಯಲ್ಲಿನ ಶಬ್ದವನ್ನಲ್ಲ, ತಂತುವಿನ ಹಿಗ್ಗು-ಕುಗ್ಗನ್ನು.

ಇತಿಹಾಸ

ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಅವರು ಗಾಜಿನ ತಂತುಗಳ ಮೂಲಕ ದೂರಸಂಪರ್ಕ ಸಾಧ್ಯವೆಂದು 1966ರಲ್ಲಿ ತೋರಿಸಿಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟದ ತಂತುವನ್ನು ತಯಾರಿಸಿತು. ತಂತುಗಳನ್ನು ನೆಲದಡಿ ಹಾಸತೊಡಗಿದ ಮೇಲೆ, ಅವು ಎಲ್ಲಿ ತುಂಡಾಗಿವೆ ಎಂದು ಅಗೆಯದೆಯೇ ಪತ್ತೆಹಚ್ಚುವ ಅಗತ್ಯ ಉಂಟಾಯಿತು. ಮೈಕೆಲ್ ಬಾರ್ನೋಸ್ಕಿ ಮತ್ತು ಎಸ್. ಎಂ. ಜೆನ್ಸನ್ 1976ರಲ್ಲಿ ಹಿಂದಿರುಗುವ ರ್‍ಯಾಲೆ ಬೆಳಕನ್ನು ಅಳೆದು ತಂತುವಿನ ನಷ್ಟವನ್ನು ಉದ್ದಕ್ಕೂ ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ದೂರಸಂಪರ್ಕ ಸಿಬ್ಬಂದಿ ಇಂದಿಗೂ ಕೇಬಲ್ ತುಂಡಾದಾಗ ಕೈಯಲ್ಲಿ ಹಿಡಿದು ಹೋಗುವ ಓ.ಟಿ.ಡಿ.ಆರ್. ಉಪಕರಣ ಇದರ ನೇರ ವಂಶಸ್ಥ.

ಅದೇ ಹೊತ್ತಿಗೆ ತಂತುವು ಹೊರಗಿನ ಪರಿಸ್ಥಿತಿಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದೂ ತಿಳಿದುಬಂದಿತು. 1976ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಾಲಿ ಮತ್ತು ಶಾರ್ಟ್‌ಹಿಲ್ ತಂತುವಿನ ಸುರುಳಿಯಿಂದ ತಿರುಗುವಿಕೆಯನ್ನು ಅಳೆಯುವ ಗೈರೊಸ್ಕೋಪನ್ನು ತೋರಿಸಿದರು. ಮರುವರ್ಷವೇ ನೀರಿನೊಳಗಿನ ಶಬ್ದವನ್ನು ತಂತುವಿನಿಂದ ಗ್ರಹಿಸುವ ಪ್ರಯೋಗಗಳು ಪ್ರಕಟವಾದವು. ಜಲಾಂತರ್ಗಾಮಿಗಳ ಪತ್ತೆಯಲ್ಲಿ ಆಸಕ್ತಿಯಿದ್ದ ಅಮೆರಿಕದ ನೌಕಾಪಡೆ ಇದಕ್ಕೆ ಪ್ರೋತ್ಸಾಹ ನೀಡಿತು.

ವಿತರಿತ ತಾಪಮಾನದ ಮೊದಲ ಅಳತೆಯನ್ನು ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್‌ನಲ್ಲಿ ಆರ್ಥರ್ ಹಾರ್ಟಾಗ್ 1983ರಲ್ಲಿ ದ್ರವ ತುಂಬಿದ ತಂತುವಿನಿಂದ ಮಾಡಿದರು. ದ್ರವದ ತಂತು ಪ್ರಯೋಗಾಲಯದ ಹೊರಗೆ ಪ್ರಯೋಜನಕ್ಕೆ ಬರುವಂಥದಲ್ಲ. ಸಾಮಾನ್ಯ ಗಾಜಿನ ತಂತುವಿನಲ್ಲೇ ರಾಮನ್ ಬೆಳಕಿನಿಂದ ತಾಪಮಾನವನ್ನು ಅಳೆಯಬಹುದೆಂದು ಜಾನ್ ಡೇಕಿನ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದ ಬಳಿಕ ಉಪಕರಣಗಳು ಬೇಗನೆ ಮಾರುಕಟ್ಟೆಗೆ ಬಂದವು. ಬ್ರಿಲ್ವಾ ವಿಧಾನವನ್ನು 1989ರ ಸುಮಾರಿಗೆ ಜಪಾನಿನ ಎನ್.ಟಿ.ಟಿ. ಸಂಸ್ಥೆಯ ಹೊರಿಗುಚಿ ಮತ್ತು ಸಂಗಡಿಗರು ಬೆಳೆಸಿದರು. ಪ್ರಾವಸ್ಥೆಯನ್ನು ಗಮನಿಸಿ ಅತಿಕ್ರಮ ಪ್ರವೇಶವನ್ನು ಪತ್ತೆಹಚ್ಚುವ ವಿಧಾನಕ್ಕೆ ಹೆನ್ರಿ ಟೇಲರ್ ಮತ್ತು ಚುಂಗ್ ಲೀ 1993ರಲ್ಲಿ ಪೇಟೆಂಟ್ ಪಡೆದರು. ಆದರೆ ಕಂಪನದ ನಿಖರ ಅಳತೆಗೆ ಬೇಕಾದ ಲೇಸರ್ ಮತ್ತು ಗಣಕ ಸಾಮರ್ಥ್ಯ ಕೈಗೆಟುಕಲು ಇನ್ನೂ ಒಂದೂವರೆ ದಶಕ ಹಿಡಿಯಿತು. 2009ರಲ್ಲಿ ಶೆಲ್ ಸಂಸ್ಥೆ ಕೆನಡಾದ ಅನಿಲ ಬಾವಿಯೊಂದರಲ್ಲಿ ಇದನ್ನು ಪ್ರಯೋಗಿಸಿತು. ಅಂದಿನಿಂದ ತೈಲೋದ್ಯಮವೇ ಈ ತಂತ್ರದ ಮುಖ್ಯ ಪೋಷಕ.

ಬ್ರ್ಯಾಗ್ ಗ್ರೇಟಿಂಗ್‌ನೊಂದಿಗೆ ಹೋಲಿಕೆ

ತಂತು ಸಂವೇದಕಗಳೆಲ್ಲವೂ ವಿತರಿತವಲ್ಲ. ಕೆಲವೇ ನಿರ್ದಿಷ್ಟ ಬಿಂದುಗಳಲ್ಲಿ ಹೆಚ್ಚಿನ ನಿಖರತೆ ಬೇಕಾದಲ್ಲಿ ಬ್ರ್ಯಾಗ್ ಗ್ರೇಟಿಂಗ್‌ಗಳನ್ನು ಬಳಸಲಾಗುತ್ತದೆ. ತಂತುವಿನ ತಿರುಳಿನಲ್ಲಿ ಕೆಲವು ಮಿಲಿಮೀಟರ್ ಉದ್ದಕ್ಕೆ, ಸುಮಾರು ಅರ್ಧ ಮೈಕ್ರೊಮೀಟರಿಗೊಮ್ಮೆ ವಕ್ರೀಭವನ ಸೂಚ್ಯಂಕ ಏರಿಳಿಯುವಂತೆ ನೇರಳಾತೀತ ಬೆಳಕಿನಿಂದ ಗೆರೆಗಳನ್ನು ಮೂಡಿಸಿದರೆ ಅದು ಒಂದು ನಿರ್ದಿಷ್ಟ ತರಂಗದೂರವನ್ನು ಮಾತ್ರ ಪ್ರತಿಫಲಿಸುತ್ತದೆ. ತಂತು ಹಿಗ್ಗಿದರೆ ಗೆರೆಗಳ ಅಂತರ ಹೆಚ್ಚಿ, ಪ್ರತಿಫಲಿಸುವ ತರಂಗದೂರ ಪ್ರತಿ ಮೈಕ್ರೊಸ್ಟ್ರೇನ್‌ಗೆ ಸುಮಾರು 1.2 ಪಿಕೊಮೀಟರ್ ಸರಿಯುತ್ತದೆ. ಒಂದು ಡಿಗ್ರಿ ಬಿಸಿಗೆ ಸುಮಾರು 10 ಪಿಕೊಮೀಟರ್. ತಂತುವಿನಲ್ಲಿ ಇಂತಹ ಗ್ರೇಟಿಂಗ್ ಉಂಟಾಗಬಹುದೆಂದು ಕೆನಡಾದ ಕೆನೆತ್ ಹಿಲ್ ಮತ್ತು ಸಂಗಡಿಗರು 1978ರಲ್ಲಿ ಕಂಡುಕೊಂಡರು. ಬೇಕಾದ ತರಂಗದೂರಕ್ಕೆ ಅದನ್ನು ಪಕ್ಕದಿಂದ ಮೂಡಿಸುವ ವಿಧಾನ 1989ರಲ್ಲಿ ಮೆಲ್ಟ್ಸ್, ಮೋರಿ ಮತ್ತು ಗ್ಲೆನ್ ಅವರಿಂದ ಬಂದಿತು.

1993ರಲ್ಲಿ ಕೆನಡಾದ ಕ್ಯಾಲ್ಗರಿಯ ಬೆಡಿಂಗ್ಟನ್ ಟ್ರೇಲ್ ಸೇತುವೆಯಲ್ಲಿ ಇವುಗಳನ್ನು ಅಳವಡಿಸಲಾಯಿತು. ಹಾಂಗ್‌ಕಾಂಗಿನ ತ್ಸಿಂಗ್ ಮಾ ತೂಗುಸೇತುವೆಯಲ್ಲಿಯೂ ಇವುಗಳನ್ನು ಪರೀಕ್ಷಿಸಲಾಗಿದೆ. ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗು ಮುಂತಾದ ಚಿಕ್ಕ ರಚನೆಗಳಿಗೆ ಇಂದಿಗೂ ಬ್ರ್ಯಾಗ್ ಗ್ರೇಟಿಂಗ್ ಹೆಚ್ಚು ಸೂಕ್ತ. ಬಿರುಕು ಎಲ್ಲಿ ಮೂಡಬಹುದೆಂದು ಮೊದಲೇ ಗೊತ್ತಿದ್ದರೆ ಬಿಂದು ಸಂವೇದಕ ಸಾಕು. ಗೊತ್ತಿಲ್ಲದಿದ್ದರೆ ಉದ್ದಕ್ಕೂ ನೋಡುವುದೇ ದಾರಿ.

ತಾಪಮಾನ ಮತ್ತು ರಚನೆಗಳ ಅಳತೆ

ಭೂಗತ ವಿದ್ಯುತ್ ಕೇಬಲ್‌ಗಳಲ್ಲಿ ಬಳಸುವ ಪಾಲಿಥೀನ್ ಜಾತಿಯ ನಿರೋಧಕವು ದೀರ್ಘಕಾಲ 90 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳುತ್ತದೆ. ಕೇಬಲ್‌ನ ಬಹುಭಾಗ ತಣ್ಣಗಿದ್ದು, ಮಣ್ಣು ಒಣಗಿದ ಅಥವಾ ಇನ್ನೊಂದು ಕೇಬಲ್ ಅಡ್ಡಹಾಯ್ದ ಕೆಲವೇ ಮೀಟರ್ ಜಾಗ ಮಾತ್ರ ಬಿಸಿಯಾಗುವುದುಂಟು. ಆ ಜಾಗ ಯಾವುದೆಂದು ಮೊದಲೇ ಹೇಳುವುದು ಕಷ್ಟ. ಕೇಬಲ್‌ನ ಜೊತೆಗೇ ಹಾಸಿದ ತಂತು ಅದನ್ನು ತೋರಿಸುತ್ತದೆ. ಇದರಿಂದ ಮಿತಿಯ ಹತ್ತಿರದವರೆಗೂ ವಿದ್ಯುತ್ತನ್ನು ಧೈರ್ಯದಿಂದ ಹರಿಸಬಹುದು. ರಸ್ತೆ ಮತ್ತು ರೈಲು ಸುರಂಗಗಳ ಚಾವಣಿಯಲ್ಲಿ ಹಾಸಿದ ತಂತು ಬೆಂಕಿ ಹತ್ತಿದ ಸ್ಥಳವನ್ನೂ ಅದು ಹರಡುತ್ತಿರುವ ದಿಕ್ಕನ್ನೂ ತಿಳಿಸುತ್ತದೆ. ಹೊಗೆಯನ್ನು ಯಾವ ಕಡೆಗೆ ತಳ್ಳಬೇಕು, ಜನರನ್ನು ಯಾವ ಕಡೆಯಿಂದ ಹೊರತರಬೇಕು ಎಂಬ ನಿರ್ಧಾರಕ್ಕೆ ಈ ಮಾಹಿತಿ ಅತ್ಯಗತ್ಯ.

ಮಣ್ಣಿನ ಅಣೆಕಟ್ಟು ಮತ್ತು ಕಾಲುವೆಯ ಏರಿಗಳಲ್ಲಿ ಸೋರಿಕೆಯನ್ನೂ ತಾಪಮಾನದಿಂದಲೇ ಗುರುತಿಸಲಾಗುತ್ತದೆ. ಒಳಗೆ ಹರಿಯುವ ನೀರು ಜಲಾಶಯದ ತಾಪಮಾನವನ್ನು ತನ್ನೊಂದಿಗೆ ಒಯ್ಯುತ್ತದೆ. ನೀರು ಮತ್ತು ಮಣ್ಣಿನ ತಾಪಮಾನದಲ್ಲಿ ವ್ಯತ್ಯಾಸ ಇಲ್ಲದ ಕಾಲದಲ್ಲಿ, ಕೇಬಲ್‌ನೊಳಗಿನ ತಾಮ್ರದ ತಂತಿಗೆ ವಿದ್ಯುತ್ ಹರಿಸಿ ಅದನ್ನು ತುಸು ಕಾಯಿಸಿ, ಎಲ್ಲಿ ಬೇಗ ತಣಿಯುತ್ತದೆ ಎಂದು ನೋಡುತ್ತಾರೆ. ನೀರು ಹರಿಯುವ ಕಡೆ ಬಿಸಿ ನಿಲ್ಲುವುದಿಲ್ಲ. ಹೊಳೆಯ ತಳಕ್ಕೆ ಎಲ್ಲೆಲ್ಲಿ ಅಂತರ್ಜಲ ಒಸರುತ್ತದೆ ಎಂದು ತಿಳಿಯಲು ಇದೇ ವಿಧಾನವನ್ನು ಜಾನ್ ಸೆಲ್ಕರ್ ಮತ್ತು ಸಂಗಡಿಗರು 2006ರ ಸುಮಾರಿಗೆ ಜಲವಿಜ್ಞಾನಕ್ಕೆ ತಂದರು.

ಕಟ್ಟಡ ಕಾಮಗಾರಿಯಲ್ಲಿ ಬ್ರಿಲ್ವಾ ವಿಧಾನ ಪ್ರಚಲಿತವಾಗಿದೆ. ಲಂಡನ್ನಿನ ಹಳೆಯ ಇಟ್ಟಿಗೆಯ ಥೇಮ್ಸ್‌ಲಿಂಕ್ ಸುರಂಗದ ಅಡಿಯಲ್ಲಿ ಹೊಸ ಸುರಂಗವನ್ನು ಕೊರೆಯುವಾಗ, ಇಟ್ಟಿಗೆಯ ಗೋಡೆ ಹೇಗೆ ಬಾಗುತ್ತಿದೆ ಎಂಬುದನ್ನು ಕೇಂಬ್ರಿಜ್‌ನ ಇಂಜಿನಿಯರುಗಳು ಅದಕ್ಕೆ ಅಂಟಿಸಿದ ತಂತುವಿನಿಂದ ಗಮನಿಸಿದರು. ತಾಪಮಾನ ಮತ್ತು ಎಳೆತಗಳನ್ನು ಬೇರ್ಪಡಿಸಲು ಇಂತಹ ಕಡೆ ಎರಡು ತಂತುಗಳನ್ನು ಜೊತೆಯಾಗಿ ಹಾಸುವುದು ರೂಢಿ. ಒಂದನ್ನು ಗೋಡೆಗೆ ಬಿಗಿಯಾಗಿ ಅಂಟಿಸಲಾಗುತ್ತದೆ. ಇನ್ನೊಂದು ಕೊಳವೆಯೊಳಗೆ ಸಡಿಲವಾಗಿರುತ್ತದೆ. ಸಡಿಲವಾದುದಕ್ಕೆ ಎಳೆತ ತಾಗದಿರುವುದರಿಂದ ಅದು ತಾಪಮಾನವನ್ನು ಮಾತ್ರ ಹೇಳುತ್ತದೆ.

ಭೂಕಂಪ, ಸಮುದ್ರ ಮತ್ತು ಜ್ವಾಲಾಮುಖಿ

ಭೂಕಂಪಮಾಪಕಗಳು ದುಬಾರಿ, ಅವುಗಳಿಗೆ ಭದ್ರವಾದ ಜಾಗ, ವಿದ್ಯುತ್ತು, ನಿರ್ವಹಣೆ ಬೇಕು. ನಗರಗಳಲ್ಲಿ ಅವು ವಿರಳ, ಸಮುದ್ರತಳದಲ್ಲಂತೂ ಇನ್ನೂ ವಿರಳ. ಆದರೆ ಸಂಪರ್ಕದ ತಂತು ಎರಡೂ ಕಡೆ ಇದೆ. ಕೇಬಲ್‌ಗಳಲ್ಲಿ ಮುಂದಿನ ಅಗತ್ಯಕ್ಕೆಂದು ಉಳಿಸಿದ, ಬೆಳಕು ಹರಿಯದ ತಂತುಗಳು ಇರುವುದುಂಟು. ಅಂಥ ಒಂದು ತಂತುವಿಗೆ ಇಂಟರಾಗೇಟರ್ ಜೋಡಿಸಿದರೆ ಸಾವಿರಾರು ಅಳತೆಯ ಬಿಂದುಗಳು ಒಮ್ಮೆಗೇ ದೊರೆಯುತ್ತವೆ.

2015ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡಿನ ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ 15 ಕಿಲೋಮೀಟರ್ ಉದ್ದದ ದೂರಸಂಪರ್ಕ ಕೇಬಲ್‌ನ ಮೇಲೆ ಫಿಲಿಪ್ ಜೂಸೆ ಮತ್ತು ಸಂಗಡಿಗರು ನಡೆಸಿದ ಪ್ರಯೋಗವು ಮೊದಲಿನವುಗಳಲ್ಲಿ ಒಂದು. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಕೊಳವೆಗಳಲ್ಲಿ ಸುಮ್ಮನೆ ಮಲಗಿದ್ದ ತಂತುವೂ ಭೂಕಂಪಗಳನ್ನು ಸ್ಪಷ್ಟವಾಗಿ ದಾಖಲಿಸಿತು. ತಂತುವನ್ನು ನೆಲಕ್ಕೆ ಗಾರೆ ಹಾಕಿ ಬಿಗಿಯದೆ ಇಂತಹ ಅಳತೆ ಸಾಧ್ಯವಿಲ್ಲ ಎಂಬ ಅಭಿಪ್ರಾಯ ಅದರಿಂದ ಸಡಿಲಗೊಂಡಿತು. 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದ ಮಾಂಟೆರಿ ಕೊಲ್ಲಿಯ ಸಂಶೋಧನಾ ಕೇಬಲ್ ದುರಸ್ತಿಗಾಗಿ ಬಿಡುವಾಗಿದ್ದ ನಾಲ್ಕು ದಿನಗಳಲ್ಲಿ, ಅದರ 20 ಕಿಲೋಮೀಟರ್ ಭಾಗದಿಂದ ನೇಟ್ ಲಿಂಡ್ಸೆ ಮತ್ತು ಸಂಗಡಿಗರು ಒಂದು ಭೂಕಂಪವನ್ನು ದಾಖಲಿಸಿದರು. ನಕಾಶೆಯಲ್ಲಿ ಅದುವರೆಗೆ ಇಲ್ಲದಿದ್ದ ಸಮುದ್ರತಳದ ಸ್ತರಭಂಗಗಳನ್ನೂ ಅವರು ಗುರುತಿಸಿದರು. 2020ರ ಬೇಸಗೆಯಲ್ಲಿ ಆರ್ಕ್‌ಟಿಕ್ ಪ್ರದೇಶದ ಸ್ವಾಲ್‌ಬಾರ್ಡ್‌ನಲ್ಲಿ 120 ಕಿಲೋಮೀಟರ್ ತಂತುವಿನಿಂದ ತಿಮಿಂಗಿಲಗಳ ಕೂಗನ್ನು ಕೇಳಿ, ಅವು ಇರುವ ಜಾಗವನ್ನು ನಿರ್ಧರಿಸಲಾಯಿತು.

ಈ ತಂತ್ರ ಜನರ ಸುರಕ್ಷತೆಗೆ ನೇರವಾಗಿ ಒದಗಿದ ಉದಾಹರಣೆ ಐಸ್‌ಲ್ಯಾಂಡಿನ ಮೀನುಗಾರಿಕೆಯ ಪಟ್ಟಣವಾದ ಗ್ರಿಂಡವಿಕ್‌ನದು. 2023ರ ನವೆಂಬರ್ 10ರಂದು ನೆಲದಡಿ ಶಿಲಾಪಾಕ ನುಗ್ಗಿ ನೂರಾರು ಭೂಕಂಪಗಳಾದಾಗ ಸುಮಾರು 3,800 ನಿವಾಸಿಗಳನ್ನು ರಾತ್ರೋರಾತ್ರಿ ತೆರವುಗೊಳಿಸಲಾಯಿತು. ಆ ತಿಂಗಳಲ್ಲೇ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯ ಝಾಂಗ್‌ವೆನ್ ಝಾನ್ ಅವರ ತಂಡವು ಪಟ್ಟಣದ ಬಳಿ ಹಾದುಹೋಗುವ ಸುಮಾರು 100 ಕಿಲೋಮೀಟರ್ ಉದ್ದದ ದೂರಸಂಪರ್ಕ ತಂತುವಿಗೆ ಇಂಟರಾಗೇಟರನ್ನು ಜೋಡಿಸಿತು. ಶಿಲಾಪಾಕ ಬಿರುಕಿನೊಳಗೆ ನುಗ್ಗುವಾಗ ನೆಲ ಎರಡೂ ಬದಿಗೆ ಸರಿಯುತ್ತದೆ. ಈ ಚಲನೆ ಕಂಪನದಂತೆ ವೇಗವಾದುದಲ್ಲ, ನಿಮಿಷಗಳ ಕಾಲ ಸಾಗುವ ನಿಧಾನದ ಹಿಗ್ಗುವಿಕೆ. ಉಪಗ್ರಹ ಆಧಾರಿತ ಸ್ಥಾನಮಾಪನದಲ್ಲಿ ಇಷ್ಟು ಕಿರಿದಾದ ಬದಲಾವಣೆ ನಿಮಿಷದ ಲೆಕ್ಕದಲ್ಲಿ ಸಿಗುವುದು ಕಷ್ಟ. ತಂತುವಿನಲ್ಲಿ ಅದು ಕಂಡಿತು. ತಂಡವು 2025ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಹೀಗೆ ಒಂಬತ್ತು ಬಾರಿ ಶಿಲಾಪಾಕ ನುಗ್ಗಿದ್ದು ದಾಖಲಾಯಿತು. ಅವುಗಳಲ್ಲಿ ಆರು ಬಾರಿ ಲಾವಾ ಹೊರಚಿಮ್ಮಿತು. ನುಗ್ಗುವಿಕೆ ಆರಂಭವಾದದ್ದು ತಂತುವಿನಲ್ಲಿ ಕಂಡ ಹೊತ್ತಿಗೂ ಲಾವಾ ಹೊರಬಂದ ಹೊತ್ತಿಗೂ ಸುಮಾರು ಅರ್ಧ ಗಂಟೆಯಿಂದ ಹಲವು ಗಂಟೆಗಳ ಅಂತರವಿತ್ತು. ಅರ್ಧ ಗಂಟೆ ಎಂಬುದು ಸಣ್ಣ ಪಟ್ಟಣವೊಂದರಲ್ಲಿ ಉಳಿದಿರುವವರನ್ನು ಹೊರಗೆ ಕಳುಹಿಸಲು ಸಾಕಾಗುವ ಸಮಯ. ಆದರೆ ಉಳಿದ ಮೂರು ಬಾರಿ ಶಿಲಾಪಾಕ ಮೇಲೆ ಬರದೆ ನೆಲದಡಿಯೇ ನಿಂತಿತು. ನುಗ್ಗುತ್ತಿದೆ ಎಂದು ಹೇಳಬಲ್ಲ ತಂತು, ಹೊರಬರುವುದೋ ಇಲ್ಲವೋ ಎಂಬುದನ್ನು ತಾನಾಗಿ ಹೇಳಲಾರದು.

ಮಿತಿಗಳು

ಕೇಬಲ್ ಯಾವ ದಿಕ್ಕಿನಲ್ಲಿ ಮಲಗಿದೆಯೋ ಆ ದಿಕ್ಕಿನ ಹಿಗ್ಗು-ಕುಗ್ಗು ಮಾತ್ರ ತಂತುವಿಗೆ ತಿಳಿಯುತ್ತದೆ. ಭೂಕಂಪದ ಮೊದಲ ಅಲೆ ಕೇಬಲ್‌ಗೆ ಲಂಬವಾಗಿ ಬಂದರೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸಂಪರ್ಕ ಕೇಬಲ್‌ಗಳನ್ನು ಯಾರೂ ಭೂಕಂಪಕ್ಕೆಂದು ಹಾಸಿಲ್ಲವಾದ್ದರಿಂದ ಅವು ರಸ್ತೆಯ ದಾರಿಯನ್ನು ಅನುಸರಿಸುತ್ತವೆ, ಸೇತುವೆಗಳಿಗೆ ತೂಗುಬೀಳುತ್ತವೆ. ಕೆಲವೆಡೆ ದುರಸ್ತಿಗೆಂದು ಬಿಟ್ಟ ಹತ್ತಾರು ಮೀಟರ್ ಹೆಚ್ಚುವರಿ ತಂತು ಗುಂಡಿಯಲ್ಲಿ ಸುರುಳಿಯಾಗಿ ಬಿದ್ದಿರುತ್ತದೆ. ತಂತುವಿನ ಐದನೆಯ ಕಿಲೋಮೀಟರ್ ನೆಲದ ಮೇಲೆ ಎಲ್ಲಿದೆ ಎಂದು ಕಂಡುಹಿಡಿಯಲು ಕೇಬಲ್‌ನ ದಾರಿಯಲ್ಲಿ ನಡೆಯುತ್ತ ಸುತ್ತಿಗೆಯಿಂದ ನೆಲಕ್ಕೆ ಬಡಿದು, ಅದು ದಾಖಲೆಯಲ್ಲಿ ಎಲ್ಲಿ ಮೂಡುತ್ತದೆ ಎಂದು ನೋಡುವ ವಿಧಾನವನ್ನು ಈಗಲೂ ಅನುಸರಿಸುತ್ತಾರೆ. ಅತ್ಯಾಧುನಿಕ ಉಪಕರಣಕ್ಕೆ ಸುತ್ತಿಗೆಯ ನೆರವು ಬೇಕಾಗಿರುವುದು ವಿಚಿತ್ರವೆನಿಸಿದರೂ ಇದನ್ನು ಬಿಟ್ಟ ಅಳತೆಗಳ ಸ್ಥಳನಿರ್ದೇಶ ನಂಬಲರ್ಹವಲ್ಲ.

ಅತಿ ಸೂಕ್ಷ್ಮತೆಯೇ ತೊಡಕಾಗುವುದೂ ಉಂಟು. ರ್‍ಯಾಲೆ ವಿಧಾನದಲ್ಲಿ ಡಿಗ್ರಿಯ ಸಾವಿರದಲ್ಲೊಂದು ಭಾಗದ ತಾಪಮಾನ ಬದಲಾವಣೆಯು ಶತಕೋಟಿಯಲ್ಲಿ ಹತ್ತು ಭಾಗದ ಹಿಗ್ಗುವಿಕೆಯಂತೆ ಕಾಣುತ್ತದೆ. ವೇಗದ ಕಂಪನಗಳನ್ನು ಅಳೆಯುವಾಗ ಇದರಿಂದ ತೊಂದರೆಯಿಲ್ಲ. ಗಂಟೆಗಟ್ಟಲೆ ಸಾಗುವ ನೆಲದ ಚಲನೆಯನ್ನು ಅಳೆಯುವಾಗ ಹಗಲು-ರಾತ್ರಿಯ ಬಿಸಿಲು-ತಂಪೂ ಲೆಕ್ಕಕ್ಕೆ ಬರುತ್ತದೆ. ಬಿಸಿಯಾದ ತೈಲಬಾವಿಗಳಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ. ಅಲ್ಲಿನ ಹೈಡ್ರೋಜನ್ ಗಾಜಿನೊಳಕ್ಕೆ ಸೇರಿ ತಂತುವನ್ನು ನಿಧಾನವಾಗಿ ಮಸುಕಾಗಿಸುತ್ತದೆ. ಈ ಮಸುಕು ರಾಮನ್ ಬೆಳಕಿನ ಎರಡು ಬಣ್ಣಗಳಿಗೂ ಸಮನಾಗಿರುವುದಿಲ್ಲ. ಆಗ ಅನುಪಾತ ತಪ್ಪಿ, ತಾಪಮಾನ ಬದಲಾಗದಿದ್ದರೂ ಬದಲಾದಂತೆ ತೋರುತ್ತದೆ. ತಂತುವನ್ನು ಬಾವಿಯ ತಳದಲ್ಲಿ ಹಿಂದಿರುಗಿಸಿ ಎರಡೂ ತುದಿಗಳಿಂದ ಅಳೆದು ಇದನ್ನು ಸರಿಪಡಿಸಲಾಗುತ್ತದೆ.

ದತ್ತಾಂಶದ ಪ್ರಮಾಣವೂ ದೊಡ್ಡದು. 10 ಕಿಲೋಮೀಟರ್ ತಂತುವನ್ನು ಮೀಟರಿಗೊಮ್ಮೆ, ಸೆಕೆಂಡಿಗೆ ಸಾವಿರ ಬಾರಿ ಓದಿ, ಪ್ರತಿ ಅಳತೆಗೆ ನಾಲ್ಕು ಬೈಟ್ ಬಳಸಿದರೆ ದಿನವೊಂದಕ್ಕೆ ಸುಮಾರು 3.5 ಟೆರಾಬೈಟ್ ಸಂಗ್ರಹವಾಗುತ್ತದೆ. ಇಷ್ಟನ್ನು ಉಳಿಸಿಡುವುದು ಕಷ್ಟವಾದ್ದರಿಂದ ಯಾವುದನ್ನು ಬಿಸಾಡಬೇಕು ಎಂಬುದನ್ನು ಅಳೆಯುವಾಗಲೇ ನಿರ್ಧರಿಸಬೇಕಾಗುತ್ತದೆ.

ಖಾಸಗಿತನ

2020ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ ನಡೆದ ರೋಸ್ ಪರೇಡ್ ಮೆರವಣಿಗೆ ಬೀದಿಯಡಿಯ ತಂತುವಿನಲ್ಲಿ ದಾಖಲಾಯಿತು. ಅಲಂಕೃತ ವಾಹನಗಳ ಭಾರವೂ ವಾದ್ಯತಂಡಗಳ ಹೆಜ್ಜೆಯ ಲಯವೂ ಅದರಲ್ಲಿ ಬೇರೆಬೇರೆಯಾಗಿ ಕಂಡವು. ಭೂಕಂಪಶಾಸ್ತ್ರಜ್ಞರಿಗೆ ಇದು ಉಪಕರಣವನ್ನು ಹೊಂದಿಸಿಕೊಳ್ಳಲು ಅನುಕೂಲವಾದ ಪ್ರಸಂಗ. ಆದರೆ ಹೆಜ್ಜೆ ಗುರುತಿಸಬಲ್ಲ ತಂತುವಿನಿಂದ ವಾಹನಗಳ ಸಂಚಾರವನ್ನೂ, ಗುದ್ದಲಿ ಪೆಟ್ಟನ್ನೂ, ಮನೆಯ ಮುಂದೆ ಯಾರಾದರೂ ನಡೆದಾಡುವುದನ್ನೂ ತಿಳಿಯಬಹುದು. ತಂತುವನ್ನು ಶಬ್ದದ ಮೂಲದ ಸಮೀಪದಲ್ಲಿ ತಕ್ಕಂತೆ ಸುತ್ತಿಟ್ಟರೆ ಮಾತನ್ನೂ ಗ್ರಹಿಸಬಹುದೆಂದು ಪ್ರಯೋಗಗಳಲ್ಲಿ ತೋರಿಸಲಾಗಿದೆ. ನೆಲದಡಿ ಹೂತ ಸಾಮಾನ್ಯ ಕೇಬಲ್‌ನಲ್ಲಿ ಅದು ಬಹಳ ಕಷ್ಟ. ಕ್ಯಾಮೆರಾ ಇರುವ ಕಡೆ ಅದು ಜನರ ಕಣ್ಣಿಗೆ ಬೀಳುತ್ತದೆ, ತಂತು ಬೀಳುವುದಿಲ್ಲ. ಸಂಶೋಧನೆಗಾಗಿ ಸಂಗ್ರಹಿಸಿದ ದತ್ತಾಂಶವನ್ನು ಎಲ್ಲರಿಗೂ ತೆರೆದಿಡಬೇಕೆಂಬ ವಿಜ್ಞಾನದ ರೂಢಿಗೂ ಈ ಆತಂಕಕ್ಕೂ ಹೊಂದಾಣಿಕೆಯಾಗಬೇಕಿದೆ.

ಭಾರತದಲ್ಲಿ

ಭಾರತದಲ್ಲಿ ಈ ತಂತ್ರದ ದೊಡ್ಡ ಬಳಕೆ ಕೊಳವೆಮಾರ್ಗಗಳ ಕಾವಲಿನಲ್ಲಿದೆ. ಹೊಲಗದ್ದೆಗಳ ಅಡಿಯಲ್ಲಿ ಹಾದುಹೋಗುವ ಇಂಧನದ ಕೊಳವೆಗೆ ರಾತ್ರಿವೇಳೆ ತೂತು ಕೊರೆದು ಕದಿಯುವ ಪ್ರಕರಣಗಳು ಹಲವು ರಾಜ್ಯಗಳಲ್ಲಿ ನಡೆದಿವೆ. ಇದು ಬೆಂಕಿ ಅನಾಹುತಕ್ಕೂ ಎಡೆಮಾಡಿಕೊಡುತ್ತದೆ. ಇಂಡಿಯನ್ ಆಯಿಲ್ ಮೊದಲಾದ ಸಂಸ್ಥೆಗಳು ಕೊಳವೆಯ ಜೊತೆಗೆ ಹಾಸಿರುವ ಸಂಪರ್ಕ ತಂತುವನ್ನೇ ಬಳಸಿ, ಅಗೆತದ ಕಂಪನವನ್ನು ಗ್ರಹಿಸಿ ಎಚ್ಚರಿಸುವ ವ್ಯವಸ್ಥೆಯನ್ನು ಅಳವಡಿಸಿಕೊಂಡಿವೆ. ಇಲ್ಲಿನ ಕಷ್ಟವೆಂದರೆ ರೈತ ಉಳುವುದೂ ಟ್ರ್ಯಾಕ್ಟರ್ ಹೋಗುವುದೂ ಕಳ್ಳನ ಗುದ್ದಲಿಯೂ ಒಂದೇ ತಂತುವಿನಲ್ಲಿ ಕೇಳಿಸುವುದು. ಸುಳ್ಳು ಎಚ್ಚರಿಕೆಗಳು ಹೆಚ್ಚಾದರೆ ಕಾವಲುಗಾರರು ನಿಜವಾದುದನ್ನೂ ಕಡೆಗಣಿಸುವ ಅಪಾಯವಿದೆ. ಆದಕಾರಣ ಕಂಪನದ ಲಯ ಮತ್ತು ಅವಧಿಯಿಂದ ಅದರ ಮೂಲವನ್ನು ವಿಂಗಡಿಸುವ ಗಣಕ ವಿಧಾನಗಳಿಗೆ ಹೆಚ್ಚು ಗಮನ ಕೊಡಲಾಗುತ್ತಿದೆ.

ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯಲ್ಲಿ ವಿಶೇಷ ತಂತುಗಳ ತಯಾರಿಕೆ ಹಾಗೂ ಬ್ರ್ಯಾಗ್ ಗ್ರೇಟಿಂಗ್‌ಗಳ ಕುರಿತ ಕೆಲಸ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಮಾನವರಹಿತ ವಿಮಾನದ ರಚನೆಯಲ್ಲಿ ಗ್ರೇಟಿಂಗ್‌ಗಳನ್ನು ಅಳವಡಿಸಿ, ಹಾರಾಟದ ವೇಳೆ ಅದರ ಮೇಲೆ ಬೀಳುವ ಒತ್ತಡಗಳನ್ನು ಅಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ಮತ್ತು ಅನ್ವಯಿಕ ಭೌತವಿಜ್ಞಾನ ವಿಭಾಗದಲ್ಲಿ ಇದೇ ಗ್ರೇಟಿಂಗ್‌ಗಳಿಂದ ನಾಡಿಮಿಡಿತ, ಉಸಿರಾಟ ಮುಂತಾದ ದೇಹದ ಸೂಕ್ಷ್ಮ ಚಲನೆಗಳನ್ನು ಅಳೆಯುವ ಸಾಧನಗಳನ್ನು ರೂಪಿಸಲಾಗಿದೆ.